ಬಿ ಸೈಡಿನ ಬಾಲ

ಕಳೆದ ಸೋಮವಾರ ಮಧ್ಯಾಹ್ನ ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸೊಬ್ಬರು ನಾಲಿಗೆಯಿಂದ ‘ಟಕ್’ ಅಂದರು. ನಾನು ಬೆಂಚಿನಿಂದ ಧಡಕ್ಕನೆ ಎದ್ದು ನಿಂತೆ.

ಯಾರೋ ಟಕ್ ಅಂದರೆ ಎದ್ದು ನಿಲ್ಲುವುದಾ? ನಗಬೇಕು ಅನಿಸಿದರೆ ನಗಿ. ಆದರೆ ಆ ಟಕ್ ಕೇಳಲು ನಾನು ಮೂರು ವರ್ಷದಿಂದ ಕಾಯುತ್ತಿದ್ದೆ. (ಕಾಯುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ, ಅದು ಬೇರೆ ಮಾತು.)

ಹಿಟ್ನಾಳದಲ್ಲಿ ನೆಂಟರೊಬ್ಬರ ಗೃಹಪ್ರವೇಶದ ಊಟವಿತ್ತು. ಹೆಂಡತಿ ಬೆಳಿಗ್ಗೆಯೇ ಹೋಗಿದ್ದಳು. ಕೋರ್ಟ್ ಎದುರಿಗೆ ನನ್ನದೊಂದು ಟೈಪಿಂಗ್ ಅಂಗಡಿ ಇರುವುದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಸೋಮವಾರ ಅಂದರೆ ಅಫಿಡವಿಟ್‌ಗಳ ಸಂತೆ. ಅದನ್ನು ಬಿಟ್ಟು ಹೋಳಿಗೆ ಊಟಕ್ಕೆ ಹೊರಟಿದ್ದೇನಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು. ಬಸ್ ಬೇರೆ ಲೇಟು.

ಪಕ್ಕದ ಹೆಂಗಸಿಗೆ ಐವತ್ತೈದರ ಆಸುಪಾಸು. ತೊಡೆಯ ಮೇಲೆ ದೊಡ್ಡ ಕೈಚೀಲ, ಅದರಲ್ಲಿ ಬ್ಲೌಸಿನ ಒಳಪದರಕ್ಕೆ ಅಸ್ತರ್ ಬಟ್ಟೆ, ದಾರದ ರೀಲು, ಹುಕ್ಕಿನ ಪಾಕೀಟು. ಟೇಲರ್ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಎರಡೂ ಪಾದ ನೆಲದ ಮೇಲೆ ಸುಮ್ಮನೆ ಮೇಲೆ ಕೆಳಗೆ ಆಡುತ್ತಿದ್ದವು, ಮಷಿನ್ ತುಳಿದಂತೆ. ಬಾಯಲ್ಲಿ ಏನೋ ಗುನುಗು.

ಮೊದಲು ನಾನು ಗಮನ ಕೊಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರು ಏನು ಗುನುಗಿದರೆ ನಮಗೇನು? ಆಮೇಲೆ ಕಿವಿ ನಿಮಿರಿತು. ಈ ದನಿ ಏರುವ ರೀತಿ ನನಗೆ ಗೊತ್ತಲ್ಲ! ಕೆಳಗಿನಿಂದ ಶುರುವಾಗಿ, ಬಾವಿಯಿಂದ ಕೊಡ ಎಳೆದಂತೆ ನಿಧಾನಕ್ಕೆ ಮೇಲೆ ಬಂದು, ಇನ್ನೇನು ಪೂರ್ತಿ ಮೇಲೆ ಬಂತು ಅನ್ನುವಾಗ ಗಕ್ಕನೆ ನಿಂತುಹೋಯಿತು. ಶಬ್ದದ ನಡುವೆಯೇ ನಿಂತಿತು. ಮತ್ತು ಟಕ್.

ಜಗತ್ತಿನಲ್ಲಿ ಆ ಹಾಡನ್ನು ಬಲ್ಲವರು ಕೋಟಿಗಟ್ಟಲೆ ಇರಬಹುದು. ಆದರೆ ಅದನ್ನು ಅದೇ ಜಾಗದಲ್ಲಿ ನಿಲ್ಲಿಸಿ ಟಕ್ ಅನ್ನುವವರು ನಮ್ಮ ಈ ನಾಲ್ಕು ತಾಲೂಕು ಬಿಟ್ಟು ಬೇರೆಲ್ಲೂ ಇರಲಿಕ್ಕೆ ಸಾಧ್ಯವಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಟೇಪನ್ನು ರಿವೈಂಡ್ ಮಾಡೋಣ.

ನಾನಾಗ ಡಿಗ್ರಿ ಓದುತ್ತಿದ್ದೆ. ನಮ್ಮವ್ವ ಗಂಗಾವತಿಯಿಂದ ತತ್ವಪದದ ಒಂದು ಕ್ಯಾಸೆಟ್ ತರಿಸಿದ್ದಳು. ಶ್ರಾವಣದ ಸಂಜೆ ದೀಪ ಹಚ್ಚಿ ಅದನ್ನು ಹಚ್ಚುವುದು ಅವಳ ಪದ್ಧತಿ. ಒಂದು ದಿನ ಬಿ ಸೈಡಿನ ಕೊನೆಯ ಪದ ಮುಗಿದು ಏಕತಾರಿ ನಿಂತಿತು. ಟೇಪು ಎರಡು ಕ್ಷಣ ಸರ್ರ್ ಅಂತು. ಆಮೇಲೆ ಹಾರ್ಮೋನಿಯಂ ತರಹದ್ದೇನೋ ಒಂದು ಎಳೆಯಿತು. ಅದರ ಹಿಂದೆಯೇ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಹಾಡಲು ಶುರು ಮಾಡಿದಳು.

“ಏ ತಮ್ಮಾ, ಯಾರೋ ಅಳಾಕತ್ತಾಳ ನೋಡೋ,” ಅಂದಳು ಅವ್ವ.

ನಾನು ಬಂದ್ ಮಾಡಲು ಹೋದೆ. “ಇರಲಿ ಬಿಡು, ಅಳಲಿ. ಪಾಪ, ಏನ್ ಕಷ್ಟ ಐತೋ ಆಕಿಗೆ,” ಅಂತ ನನ್ನ ಕೈ ಹಿಡಿದಳು.

ಎರಡೂವರೆ ನಿಮಿಷ. ಆ ಹೆಂಗಸು ಬೇಡಿದಳು, ಬೈದಳು, ಮತ್ತೆ ಬೇಡಿದಳು. ದನಿ ಏರಿ ಏರಿ ತುದಿ ಮುಟ್ಟುವಷ್ಟರಲ್ಲಿ ಟೇಪು ಮುಗಿದು, ಪ್ಲೇ ಬಟನ್ ತಾನೇ ಮೇಲಕ್ಕೆ ಜಿಗಿಯಿತು. ಟಕ್. ನನ್ನ ಎದೆಯಲ್ಲಿ ಏನೋ ಅರ್ಧಕ್ಕೇ ಉಳಿಯಿತು.

ಮರುದಿನವೇ ಕ್ಯಾಸೆಟ್ ಹಿಡಿದುಕೊಂಡು ಗಂಗಾವತಿಗೆ ಹೋದೆ. ಅದನ್ನು ತುಂಬಿಕೊಟ್ಟಿದ್ದು ಖಾಸಿಂ ಸಾಹೇಬರ ರೆಕಾರ್ಡಿಂಗ್ ಅಂಗಡಿ. ಈಗಿನ ಹುಡುಗರಿಗೆ ತಿಳಿಯಲಿಕ್ಕಿಲ್ಲ, ಆಗ ಹಾಡಿನ ಪಟ್ಟಿ ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದರು. ಭಜನೆ, ಸೋಬಾನೆ, ಸಿನಿಮಾ, ನಾಟಕ, ಏನು ಬೇಕೋ ಅದು. ಹೆಚ್ಚು ಓಡುವ ಪಟ್ಟಿಗೆ ಒಂದು ಮಾಸ್ಟರ್ ಮಾಡಿಟ್ಟುಕೊಂಡು, ಅದರಿಂದ ನೂರಾರು ಕಾಪಿ ತೆಗೆಯುತ್ತಿದ್ದರು. ನಮ್ಮವ್ವನ ತತ್ವಪದದ ಕ್ಯಾಸೆಟ್ಟು ಅಂಥದ್ದೊಂದು ಕಾಪಿ.

ನಾನು ಜಗಳಕ್ಕೆ ಬಂದಿದ್ದೇನೆ ಅಂದುಕೊಂಡರು ಸಾಹೇಬರು. ಕೇಳುವ ಮೊದಲೇ ಸಮಜಾಯಿಷಿ ಶುರು ಮಾಡಿದರು.

“ನೋಡ್ರಿ ತಮ್ಮಾ, ಕೊನಿಗೆ ಟೇಪ ಖಾಲಿ ಬಿಟ್ರ ಗಿರಾಕಿ ಬೈತಾರ, ನಮ್ಮ ಟೇಪ ನುಂಗಿದಿ ಅಂತಾರ. ಇನ್ನೊಂದು ದೇವರ ಪದ ಹಾಕಿ ನಡುವ ಹರದರ ಇನ್ನೂ ಬೈತಾರ, ದೇವರನ್ನ ಅರ್ಧಕ್ಕ ಬಿಟ್ಟಿ ಅಂತಾರ. ಅದಕ್ಕ ಇಂಗ್ಲಿಷ್ ಹಾಡು ತುಂಬತೀನಿ. ಅದು ನಡುವ ಹರದರ ಯಾರಿಗೆ ತಿಳೀತೈತಿ?”

“ನನಗ ತಿಳೀತಲ್ರಿ,” ಅಂದೆ.

ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ. ಆಮೇಲೆ ಸ್ಟೂಲಿನ ಮೇಲಿದ್ದ ಕ್ಯಾಸೆಟ್ ಡಬ್ಬಿ ಸರಿಸಿ, “ಹಂಗಾರ ಕುಂದರ್ರಿ,” ಅಂದರು.

ಕೂತೆ. ಮೂವತ್ತು ವರ್ಷ ಕೂತೆ ಅನ್ನಿ.

ಆನೆಗುಂದಿ ಕಡೆ ಬಂದ ಫಾರಿನ್ನಿನವರು ಕೈ ಖಾಲಿಯಾದಾಗ ಗಂಗಾವತಿಗೆ ಬಂದು ತಮ್ಮ ಕ್ಯಾಸೆಟ್ಟುಗಳನ್ನು ಸಾಹೇಬರಿಗೆ ಮಾರಿ ಹೋಗುತ್ತಿದ್ದರಂತೆ. ಅರವತ್ತು ಎಪ್ಪತ್ತರ ದಶಕದ ರಾಕ್, ಸೋಲ್ ಸಂಗೀತವೆಲ್ಲ ನಮ್ಮ ಜಿಲ್ಲೆಗೆ ಬಂದದ್ದು ಹೀಗೆ, ಬಸ್ ಚಾರ್ಜಿನ ಬದಲಿಗೆ. ಒಂದರ ಮೇಲೂ ಅಚ್ಚು ಹಾಕಿದ ಹೆಸರಿಲ್ಲ. ಕೆಲವದರ ಮೇಲೆ ಪೆನ್ನಿನಲ್ಲಿ ಗೀಚಿದ್ದು ನಮಗೆ ಓದಲು ಬರುತ್ತಿರಲಿಲ್ಲ. ಹಾಗಾಗಿ ಹೆಸರು ನಾವೇ ಇಟ್ಟೆವು. ಶುರುವಿಗೆ ಹಾಡುವವನು ಕೆಮ್ಮುವುದು ‘ಕೆಮ್ಮಿನ ಹಾಡು’. ಗಿಟಾರಿನವನು ಎರಡು ನಿಮಿಷ ಯಾರ ಮಾತೂ ಕೇಳದೆ ಬಾರಿಸುವುದು ‘ಸಿಟ್ಟಿನ ಹಾಡು’. ನಮ್ಮವ್ವನ ಕ್ಯಾಸೆಟ್ಟಿನ ಬಾಲಕ್ಕೆ ಅಂಟಿದ್ದು ‘ಅಕ್ಕನ ಹಾಡು’. ಅಕ್ಕ ಬೈದಂತೆ ಬೈಯುತ್ತಾಳೆ, ಒಳಗೆ ಅಂತಃಕರಣ ಇದೆ ಅಂತ ಸಾಹೇಬರ ವಾದ.

ಭಾನುವಾರ ಮಧ್ಯಾಹ್ನ ಅಂಗಡಿಗೆ ಅರ್ಧ ಶೆಟರ್ ಎಳೆದು ಕೂರುತ್ತಿದ್ದೆವು. ಸಾಹೇಬರದು ಒಂದೇ ಕಾನೂನು. ಹಾಡು ನಡೆದಾಗ ಮಾತಾಡುವಂತಿಲ್ಲ. ಚಹಾ ಬಂದರೆ ಆರಿಹೋಗಲಿ, ಕಪ್ಪು ಎತ್ತುವಂತಿಲ್ಲ. ಹಾಡು ಮುಗಿದ ಮೇಲೆ ಒಂದು ನಿಮಿಷ ಸುಮ್ಮನಿದ್ದು, “ಹಾಂ, ಈಗ ಹೇಳ್ರಿ,” ಅನ್ನೋರು. ಹೇಳಲಿಕ್ಕೆ ಏನೂ ಇರುತ್ತಿರಲಿಲ್ಲ. ಆರಿದ ಚಹಾ ಕುಡಿದು ಏಳುತ್ತಿದ್ದೆವು. ಅಷ್ಟು ಸುಖವಾಗಿ ನಾನು ಬೇರೆ ಯಾರ ಜೊತೆಗೂ ಸುಮ್ಮನೆ ಕೂತಿಲ್ಲ.

ಅಕ್ಕನ ಹಾಡಿನ ಉಳಿದರ್ಧ ಮಾತ್ರ ನಮಗೆ ಸಿಗಲೇ ಇಲ್ಲ. ಮಾಸ್ಟರ್ ಮಾಡಿದ ಮರುವಾರವೇ ಮೂಲ ಕ್ಯಾಸೆಟ್ಟನ್ನು ಡೆಕ್ಕು ತಿಂದುಹಾಕಿತ್ತು. ಸುರುಳಿ ಸುರುಳಿಯಾಗಿ ಹೊರಬಂದ ಟೇಪನ್ನು ಸಾಹೇಬರೇ ಕತ್ತರಿಸಿ ಎಸೆದಿದ್ದರು. “ತುಂಬೂ ಮುಂದ ನೀವು ಪೂರ್ತಿ ಕೇಳಿರಬೇಕಲ್ರಿ?” ಅಂದರೆ ಹಣೆ ಬಡಿದುಕೊಳ್ಳುತ್ತಿದ್ದರು. “ಆಗ ನಾ ಎಲ್ಲಿ ಕೇಳೀನ್ರಿ, ಸೌಂಡ್ ಮೀಟರಿನ ಮುಳ್ಳು ನೋಡ್ಕೊಂತ ಕುಂತಿದ್ದೆ!”

ಅವಳು ಬೈಯುತ್ತಿರುವುದು ಗಂಡನನ್ನೇ ಅಂತ ಇಬ್ಬರಿಗೂ ಖಾತ್ರಿ, ಮುಂದೇನಾಯಿತು ಅನ್ನುವುದಕ್ಕೇ ವಾದ. ಅಕ್ಕ ತವರಿಗೆ ಹೋದಳೋ, ಗಂಡ ಕರೆಯಲು ಬಂದನೋ? ಬಂದ ಅಂತ ಅವರು. ಹೋದಳು ಅಂತ ನಾನು. ಮೂವತ್ತು ವರ್ಷ ಈ ಕೇಸು ನಡೆಯಿತು. ನಮ್ಮ ಕೋರ್ಟಿನಲ್ಲೂ ಅಷ್ಟು ಎಳೆಯುವುದಿಲ್ಲ.

ಮೂರು ವರ್ಷದ ಹಿಂದೆ ಸಾಹೇಬರು ತೀರಿಕೊಂಡರು. ಆ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಅವರು ಹೋಗಿ ನಾಲ್ಕು ತಿಂಗಳಿಗೆ ಗಿರಾಕಿಯೊಬ್ಬರು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಹಾಡು ಕೇಳಿಸಿದರೆ ಅದರ ಹೆಸರು ಹೇಳುತ್ತದಂತೆ. ಮನೆಗೆ ಬಂದು ಅವ್ವನ ಹಳೆಯ ಟೇಪ್ ರೆಕಾರ್ಡರ್ ಇಳಿಸಿ, ಧೂಳು ಒರೆಸಿ, ಬಿ ಸೈಡಿನ ಬಾಲ ಹಚ್ಚಿ ಫೋನ್ ಹಿಡಿದೆ. ಐದು ಸೆಕೆಂಡ್. ಹಾಡಿನ ಹೆಸರು, ಹಾಡಿದವಳ ಹೆಸರು, ಇಸವಿ, ಎಲ್ಲ ಬಂತು. ಮೂವತ್ತು ವರ್ಷದ ಕೇಸಿಗೆ ಐದು ಸೆಕೆಂಡಿನಲ್ಲಿ ಜಡ್ಜ್‌ಮೆಂಟು! (ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಈ ಪೇಪರ್ ಕೆಳಗಿಟ್ಟು ಅದನ್ನು ಹುಡುಕುತ್ತೀರಿ, ಹತ್ತು ಸೆಕೆಂಡ್ ಕೇಳಿ ನಾಲ್ಕು ಜನಕ್ಕೆ ಕಳಿಸುತ್ತೀರಿ.)

ಹಾಡನ್ನು ಪೂರ್ತಿ ಕೇಳಿದೆ. ಟಕ್ ಅನ್ನಬೇಕಾದ ಜಾಗದಲ್ಲಿ ಅದು ಟಕ್ ಅನ್ನಲಿಲ್ಲ, ಮುಂದೆ ಹೋಯಿತು. ಡ್ರಮ್ಮಿನವನು ಎದ್ದ. ಹಿಂದೆ ನಾಲ್ಕು ಹೆಂಗಸರು ಚಪ್ಪಾಳೆ ಹೊಡೆಯುತ್ತ ಸೇರಿಕೊಂಡರು. ಅಳುತ್ತಿದ್ದ ಅಕ್ಕ ನಗುತ್ತಿದ್ದಳು! ಗಂಡ ಬಂದಿದ್ದನೋ, ಅಥವಾ ಅವನ ಹಂಗೇ ಬೇಡ ಅಂತ ತೀರ್ಮಾನ ಮಾಡಿದ್ದಳೋ ನನ್ನ ಇಂಗ್ಲಿಷಿಗೆ ನಿಲುಕಲಿಲ್ಲ. ಒಟ್ಟಿನಲ್ಲಿ ಖುಷಿಯಲ್ಲಿದ್ದಳು.

ಸಾಹೇಬರಿಗೆ ಹೇಳಬೇಕು ಅಂತ ಫೋನಿನಲ್ಲಿ ಅವರ ನಂಬರ್ ಒತ್ತಿಬಿಟ್ಟೆ ನೋಡಿ. ಒತ್ತಿದ ಮೇಲೆ ನೆನಪಾಯಿತು. ಅವತ್ತು ನಾನು ಅತ್ತೆ. ನಾಚಿಕೆ ಏನು, ಅತ್ತೆ.

ಇನ್ನು ಉಳಿದವರು ಯಾರು? ಕುಷ್ಟಗಿಯ ಶರಣಪ್ಪ. ಮೋಟಾರ್ ರಿವೈಂಡಿಂಗ್ ಮಾಡುವವರು, ಆಗೊಮ್ಮೆ ಈಗೊಮ್ಮೆ ನಮ್ಮ ಭಾನುವಾರಕ್ಕೆ ಬರುತ್ತಿದ್ದವರು. ನಮ್ಮ ಮೂವರದೂ ಒಂದು ವಾಟ್ಸ್ಯಾಪ್ ಗ್ರೂಪ್ ಇದೆ, ‘ಬಿ ಸೈಡ್’ ಅಂತ. ಸಾಹೇಬರ ನಂಬರ್ ತೆಗೆಯಲು ಮನಸ್ಸಾಗಿಲ್ಲ, ಇನ್ನೂ ಅದರಲ್ಲೇ ಇದೆ. ಹಾಡಿನ ಲಿಂಕ್ ಅಲ್ಲಿಗೆ ಹಾಕಿದೆ. ನಾಲ್ಕೂಮುಕ್ಕಾಲು ನಿಮಿಷದ ಹಾಡು. ನಾಲ್ಕು ಸೆಕೆಂಡಿನಲ್ಲಿ ಶರಣಪ್ಪನವರಿಂದ ‘ಸೂಪರ್’ ಬಂತು.

ಫೋನ್ ಮಾಡಿದೆ. “ಕೇಳಿದ್ರೇನ್ರಿ?”

“ಸೂಪರ್ ಅಂತ ಹಾಕೀನಲ್ರಿ ಸರ.”

“ಪೂರ್ತಿ ಕೇಳಿದ್ರೇನು ಅಂದೆ.”

“ಬ್ಯಾಸಿಗಿ ಅಲ್ರಿ ಸರ, ಊರಾಗ ಎಲ್ಲಾರ ಮೋಟರೂ ಸುಟ್ಟಾವ. ಕೆಲಸ ಮುಗಿಸಿ ಕೇಳ್ತೀನ್ರಿ.”

ತಪ್ಪು ಅವರದಲ್ಲ. ಸುಟ್ಟ ಮೋಟಾರುಗಳ ಮುಂದೆ ಕೂತವರಿಗೆ ಹಾಡಿನ ಮಾತೇ? ಆದರೆ ಆ ಬೇಸಿಗೆ ಹೋಗಿ, ಮಳೆಗಾಲ ಬಂದು, ಮತ್ತೆ ಎರಡು ಬೇಸಿಗೆ ಆದವು. ಗ್ರೂಪಿನಲ್ಲಿ ಬೆಳಿಗ್ಗೆ ಶರಣಪ್ಪನವರ ಕಮಲದ ಹೂವಿನ ಶುಭೋದಯ ಬರುತ್ತದೆ. ಸಂಜೆ ನನ್ನದೊಂದು ಹಾಡು ಹೋಗುತ್ತದೆ. ಹೂವನ್ನು ನಾನು ನೋಡುವುದಿಲ್ಲ, ಹಾಡನ್ನು ಅವರು ಕೇಳುವುದಿಲ್ಲ. ನಮ್ಮ ಸ್ನೇಹ ಗಟ್ಟಿಯಾಗಿದೆ.

ಮನೆಯಲ್ಲಿ? ಹೆಂಡತಿ ನನ್ನ ಹಾಡುಗಳಿಗೆ ‘ಬೆಕ್ಕಿನ ಜಗಳ’ ಅಂತ ಹೆಸರಿಟ್ಟಿದ್ದಾಳೆ. “ನಿಮ್ಮ ಬೆಕ್ಕಿನ ಜಗಳ ಬಂದ್ ಮಾಡ್ರಿ, ಧಾರಾವಾಹಿ ಕೇಳವಲ್ದು,” ಅನ್ನುತ್ತಾಳೆ. ನಾನು ಕಿವಿಗೆ ಇಯರ್‌ಫೋನ್ ತುರುಕಿಕೊಳ್ಳುತ್ತೇನೆ. ತುಂಬಿದ ಮನೆಯಲ್ಲಿ ಹೀಗೆ ಕಿವಿ ಮುಚ್ಚಿಕೊಂಡು ಕೂತವನನ್ನು ನೀವೂ ನೋಡಿರುತ್ತೀರಿ. ಬಹುಶಃ ಕನ್ನಡಿಯಲ್ಲಿ.

ಹೆಚ್ಚುಕಡಿಮೆ ಮೂರು ವರ್ಷದಿಂದ ಒಂದು ಹಾಡಿನ ಉಳಿದರ್ಧ ನನ್ನ ಹತ್ತಿರ ಇದೆ, ಅದನ್ನು ಕೊಡಲಿಕ್ಕೆ ಒಬ್ಬ ಮನುಷ್ಯ ಇಲ್ಲ. ಇದನ್ನು ಯಾರ ಮುಂದೆ ಹೇಳಿಕೊಂಡರೂ ನಗುತ್ತಾರೆ. ಕೆಲಸವಿಲ್ಲದವನ ದುಃಖ ಅನ್ನುತ್ತಾರೆ. ಅನ್ನಲಿ.

ಈಗ ಬಸ್ ಸ್ಟ್ಯಾಂಡಿಗೆ ವಾಪಸ್ ಬನ್ನಿ. ನಾನು ಎದ್ದು ನಿಂತಿದ್ದೇನೆ. ಆ ಹೆಂಗಸು ಗಾಬರಿಯಿಂದ ಕೈಚೀಲ ಎದೆಗೆ ಅವಚಿಕೊಂಡಿದ್ದಾರೆ.

“ಯಕ್ಕಾರ, ತಪ್ಪು ತಿಳಕೋಬ್ಯಾಡ್ರಿ. ನೀವು ಈಗ ಗುನುಗಿದ್ರಲ್ಲ, ಆ ಹಾಡು ಎಲ್ಲಿ ಕೇಳಿದ್ರಿ?”

“ಯಾಕ್ರಿ, ಏನಾತು?”

“ಗಂಗಾವತಿ ಕ್ಯಾಸೆಟ್ ಹೌದಿಲ್ಲೋ? ತತ್ವಪದದ್ದು. ಬಿ ಸೈಡಿನ ಕೊನಿಗೆ.”

ಅವರ ಮುಖ ಅರಳಿತು. “ಅಯ್ಯ! ನಿಮ್ಮನಿಯಾಗೂ ಇತ್ತೇನ್ರಿ ಅದು? ನಮ್ಮನಿಯವರು ತಂದಿದ್ರು. ಮದುವಿ ಆದ ವರ್ಷ.”

ಯಲಬುರ್ಗಾ ಹತ್ತಿರದ ಹಳ್ಳಿ ಅವರದು. ಹೆಸರು ಶಾಂತವ್ವ. ಬ್ಲೌಸ್ ಹೊಲಿಯುತ್ತಾರೆ. ಅಸ್ತರು, ದಾರ ಒಯ್ಯಲಿಕ್ಕೆ ಕೊಪ್ಪಳಕ್ಕೆ ಬಂದಿದ್ದರು. ಇಷ್ಟನ್ನೂ ನಾನು ಕೇಳುವ ಮೊದಲೇ ಹೇಳಿದರು.

ನನಗೆ ತಡೆಯಲಿಕ್ಕೆ ಆಗಲಿಲ್ಲ. “ಅದು ಭಜನಿ ಅಲ್ರಿ, ಇಂಗ್ಲಿಷ್ ಹಾಡು. ಅಮೆರಿಕಾದ್ದು,” ಅಂತ ಪಾಂಡಿತ್ಯ ಬಿಚ್ಚಿದೆ.

“ಅಷ್ಟು ತಿಳೀದ ಇರ್ತೈತೇನ್ರಿ? ನಾ ಏನ್ ಹುಚ್ಚಿ ಏನ್ರಿ? ಭಜನಿಯಾಗ ಯಾರ್ ಹಂಗ ಗಂಡನ್ನ ಬೈತಾರ?”

ನೋಡಿ, ಗಂಡನನ್ನೇ ಬೈಯುತ್ತಿದ್ದಾಳೆ ಅಂತ ಇವರಿಗೂ ಗೊತ್ತು! ಒಂದು ಶಬ್ದ ತಿಳಿಯದೆ ನಾನು, ಸಾಹೇಬರು, ಈ ಶಾಂತವ್ವ, ಮೂವರೂ ಒಂದೇ ಮಾತಿಗೆ ಬಂದಿದ್ದೆವು. ನನಗೆ ಅಲ್ಲೇ ಕುಣಿಯಬೇಕು ಅನಿಸಿತು. ಮೂರು ವರ್ಷದ ಮೇಲೆ ಒಬ್ಬರು ಸಿಕ್ಕಿದ್ದಾರೆ. ಅದೂ ಕೊಪ್ಪಳದಲ್ಲೇ, ನನ್ನದೇ ಬೆಂಚಿನಲ್ಲಿ!

ಹಿಟ್ನಾಳದ ಬಸ್ ಬಂತು. ಹೋಯಿತು. ಹೋಳಿಗೆಯೂ ಹೋಯಿತು.

“ಯಕ್ಕಾರ, ಅದು ಅಲ್ಲಿಗೆ ಮುಗಿಯಾಂಗಿಲ್ರಿ. ಟೇಪ ಮುಗಿದಿತ್ತು ಅಷ್ಟ. ಇನ್ನೂ ಅರ್ಧ ಹಾಡು ಐತ್ರಿ,” ಅಂದೆ. “ನನ್ನ ಹತ್ರ ಐತಿ. ಕೇಳ್ತೀರೇನು?”

ಅವರು ಹೂಂ ಅನ್ನುವಷ್ಟರಲ್ಲಿ ನಾನು ಫೋನ್ ತೆಗೆದಿದ್ದೆ. ಹೂಂ ಅಂದರೋ, ಸುಮ್ಮನಿದ್ದರೋ, ಈಗ ಯೋಚಿಸಿದರೆ ಖಾತ್ರಿಯಾಗುವುದಿಲ್ಲ. ಸುತ್ತ ಕಂಡಕ್ಟರುಗಳ ಕೂಗು, ಹಾರನ್ನು, ಕಡಲೆಕಾಯಿಯವನ ದನಿ. ಫೋನನ್ನು ಅವರ ಕಿವಿಗೇ ಹಿಡಿಯಲು ಕೊಟ್ಟೆ.

ಹಾರ್ಮೋನಿಯಂ ಎಳೆದ ಕೂಡಲೇ ಅವರ ಪಾದ ಶುರುವಾದವು. ಕಣ್ಣು ಮುಚ್ಚಿದರು. ಮುಖದಲ್ಲಿ ಏನೋ ಮೆತ್ತಗಾಯಿತು. ನಾನು ಸಾಹೇಬರ ಕಾನೂನಿನಂತೆ ಮಾತಾಡದೆ ಕೂತೆ. ಎಷ್ಟು ದಿನವಾಗಿತ್ತು ಹೀಗೆ ಒಬ್ಬರ ಪಕ್ಕ ಕೂತು!

ಆ ಜಾಗ ಬಂತು. ಅವರ ನಾಲಿಗೆ ತಾನಾಗಿಯೇ ಟಕ್ ಅಂತು.

ಹಾಡು ನಿಲ್ಲಲಿಲ್ಲ.

ಅವರು ಬೆಚ್ಚಿ ಕಣ್ಣು ತೆರೆದರು. ಪಾದ ನಿಂತವು. ಡ್ರಮ್ಮು ಬಂದಿರಬೇಕು, ಚಪ್ಪಾಳೆ ಬಂದಿರಬೇಕು, ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಈಗ ನಗುತ್ತಾರೆ, ಈಗ ನಗುತ್ತಾರೆ ಅಂತ. ಅವರು ನಗಲಿಲ್ಲ. ಬೇರೆಯವರ ಮನೆಯಲ್ಲಿ ಬಡಿಸಿದ್ದನ್ನು ಬಿಡಬಾರದು ಅಂತ ಉಣ್ಣುವವರ ಹಾಗೆ, ಕೊನೆಯವರೆಗೂ ಕೇಳಿ ಫೋನ್ ವಾಪಸ್ ಕೊಟ್ಟರು.

“ಛಲೋ ಐತ್ರಿ,” ಅಂದರು.

ಸೆರಗಿನಿಂದ ಕಿವಿ ಒರೆಸಿಕೊಂಡರು. ಆಮೇಲೆ ಕೇಳಿದರು. “ಆದ್ರ ಇದರಾಗ ಟಕ್ ಎಲ್ಲೈತ್ರಿ?”

“ಟಕ್ ಹಾಡಿನಾಗಿಂದಲ್ರಿ. ಅದು ಬಟನ್ನಿಂದು.”

“ಬಟನ್ನಿಂದ ಅಂತ ಗೊತ್ತೈತ್ರಿ ಅಣ್ಣಾರ.” ಕೈಚೀಲದ ಹಿಡಿಕೆಯನ್ನು ತಿರುವುತ್ತ ಹೇಳಿದರು. “ನಾ ಮಷಿನ್ ಮ್ಯಾಲ ಕುಂತಿರತಿದ್ದೆ. ಕೈಯಾಗ ಬಟ್ಟಿ, ಕಾಲು ಪೆಡ್ಲಿನ ಮ್ಯಾಲ. ಟಕ್ ಅಂತ ಬಟನ್ ಹಾರಿದ್ರ ನಾ ಏಳಾಕ ಬರತಿದ್ದಿಲ್ಲ. ನಮ್ಮನಿಯವರು ಏಳೋರು. ಕ್ಯಾಸೆಟ್ ತಿರುವಿ ಹಾಕೋರು. ಹಾಕಿ ಬರೂ ಮುಂದ, ‘ನೀರ ಬೇಕೇನು?’ ಅಂತ ಕೇಳೋರು. ಭಾಳ ಮಾತಿನ ಮನಶ್ಯಾ ಅಲ್ರಿ ಅವರು. ದಿನಕ್ಕ ಅದೊಂದ ಮಾತು.”

ನಾನು ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದೆ.

“ಅವರು ಹೋಗಿ ಹನ್ನೊಂದು ವರ್ಷ ಆತ್ರಿ. ಟೇಪೂ ಕೆಟ್ಟೈತಿ. ಈಗ ನಾನ ಹಾಡತೀನಿ, ಟಕ್ಕೂ ನಾನ ಅಂತೀನಿ, ನಾನ ಎದ್ದು ನೀರ ಕುಡದು ಬರ್ತೀನಿ. ದಿನಾ ಅಲ್ಲೇ ಏಳೂದು ನನಗ ರೂಢಿ.” ನನ್ನ ಫೋನಿನ ಕಡೆ ನೋಡಿದರು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತ ಕೇಳಿದರು. “ನೀವು ಕೇಳಿಸಿದ್ರಲ್ಲ, ಇದರಾಗ ಅವರು ಯಾವಾಗ ಏಳಬೇಕ್ರಿ?”

ನನ್ನ ಹತ್ತಿರ ಹಾಡಿನ ಹೆಸರಿತ್ತು. ಹಾಡಿದವಳ ಹೆಸರಿತ್ತು. ಇಸವಿ ಇತ್ತು. ಅಷ್ಟೇ ಇತ್ತು.

ಯಲಬುರ್ಗಾ ಬಸ್ ಬಂತು. ಅವರು ಎದ್ದರು. “ನಿಮ್ಮ ನಂಬರ್ ಕೊಡ್ರಿ ಯಕ್ಕಾರ, ಇನ್ನೂ ಹಾಡು ಅದಾವ, ಕಳಸ್ತೀನಿ,” ಅಂದೆ. ನಾಚಿಕೆ ಬಿಟ್ಟು ಅಂದೆ.

“ನಂದು ಬಟನ್ ಫೋನ್ರಿ, ಅದರಾಗ ಏನೂ ಬರಾಂಗಿಲ್ಲ. ನೀವು ಕೇಳ್ರಿ ಅಣ್ಣಾರ. ಬರ್ತೀನ್ರಿ.” ನಗುತ್ತಲೇ ಹೇಳಿದರು. ಹತ್ತಿ ಹೋಗಿ ಕಿಟಕಿ ಪಕ್ಕ ಕೂತರು.

ಬಸ್ ರಿವರ್ಸ್ ತೆಗೆದುಕೊಳ್ಳುವಾಗ ನೋಡಿದೆ. ಅವರ ತುಟಿ ಅಲ್ಲಾಡುತ್ತಿತ್ತು. ಗುನುಗುತ್ತಿದ್ದರು. ಕೊನೆಗೆ ಟಕ್ ಅಂದರೋ, ಅಥವಾ ನಾನು ಕಿವಿಗೆ ತುರುಕಿದ ಡ್ರಮ್ಮು ಚಪ್ಪಾಳೆ ನಡುವೆ ಬಂದು ನಿಂತವೋ, ಎಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ.

ಅದೇ ಈಗ ನನ್ನ ಸಂಕಟ. ಆವತ್ತಿನಿಂದ ನಿದ್ದೆ ಸರಿಯಾಗಿಲ್ಲ ಅಂದರೆ ಉತ್ಪ್ರೇಕ್ಷೆ, ಆದರೆ ಊಟ ಸೇರುತ್ತಿಲ್ಲ ಅನ್ನುವುದು ನಿಜ. ಹನ್ನೊಂದು ವರ್ಷ ಒಬ್ಬಾಕೆ ಜೋಪಾನ ಮಾಡಿಕೊಂಡು ಬಂದದ್ದನ್ನು ನಾನು ಐದು ನಿಮಿಷದಲ್ಲಿ ರಿಪೇರಿ ಮಾಡಲು ಹೋದೆನಲ್ಲ! ಯಾರು ಕೇಳಿದ್ದರು ನನ್ನನ್ನು? ಒಮ್ಮೆ ಕಿವಿಗೆ ಬಿದ್ದದ್ದನ್ನು ವಾಪಸ್ ತೆಗೆಯುವ ಬಟನ್ ಯಾವ ಟೇಪ್ ರೆಕಾರ್ಡರಿನಲ್ಲೂ ಇಲ್ಲ.

ನಮ್ಮಂಥ ಹಾಡಿನ ಹುಚ್ಚರ ರೋಗವೇ ಇದು. ಹಂಚಿಕೊಳ್ಳುತ್ತೇವೆ ಅನ್ನುತ್ತೇವೆ. ಆದರೆ ಎದುರಿನವರು ಏನು ಕೇಳುತ್ತಿದ್ದಾರೆ ಅಂತ ಕೇಳುವ ವ್ಯವಧಾನ ಇರುವುದಿಲ್ಲ. ನನಗೆ ಗೊತ್ತಿದ್ದದ್ದು ನಿಮಗೂ ಗೊತ್ತಾಗಲಿ, ಗೊತ್ತು ಮಾಡಿಸಿದವನು ನಾನು ಅಂತಲೂ ಗೊತ್ತಾಗಲಿ. ಶಾಂತವ್ವನ ಪಕ್ಕದಲ್ಲಿ ಸುಮ್ಮನೆ ಕೂತು, ಅವರು ಇನ್ನೊಮ್ಮೆ ಗುನುಗಿದಾಗ ನಾನೂ ಟಕ್ ಅಂದಿದ್ದರೆ ಸಾಕಾಗಿತ್ತು. ಖಾಸಿಂ ಸಾಹೇಬರಾಗಿದ್ದರೆ ಅಷ್ಟೇ ಮಾಡುತ್ತಿದ್ದರು. “ಹಂಗಾರ ಕುಂದರ್ರಿ,” ಅಂದು ಸುಮ್ಮನಾಗುತ್ತಿದ್ದರು.

ಇನ್ನೊಂದು ಮಾತು. ಈಗಿನ ಫೋನುಗಳಲ್ಲಿ ಹಾಡು ಮುಗಿಯುವುದೇ ಇಲ್ಲ, ಗಮನಿಸಿದ್ದೀರಾ? ಒಂದು ಮುಗಿಯುವ ಮೊದಲೇ ಇನ್ನೊಂದು ತಾನೇ ಶುರು. ಧಾರಾವಾಹಿಯೂ ಹಾಗೇ, ರೀಲ್ಸೂ ಹಾಗೇ. ಎಲ್ಲೂ ಯಾರೂ ಏಳಬೇಕಾಗಿಲ್ಲ. ಅನುಕೂಲವೇ. ಏಳದಿದ್ದವರು ಅಡುಗೆಮನೆ ದಾಟಿ ಬರುವುದಿಲ್ಲ, ನೀರು ಬೇಕೇ ಅಂತ ಕೇಳುವುದೂ ಇಲ್ಲ, ಅಷ್ಟೇ.

ಸೋಮವಾರ ಸಂಜೆ ಹೋಳಿಗೆ ತಪ್ಪಿಸಿದ್ದಕ್ಕೆ ಬೈಸಿಕೊಂಡೆ. ಆಮೇಲೆ ಹೆಂಡತಿ ಟಿವಿ ಮುಂದೆ ಕೂತಳು, ನಾನು ಇಯರ್‌ಫೋನ್ ಹಾಕಿ ಕೂತೆ. ಅಕ್ಕನ ಹಾಡು ಹಚ್ಚಿದೆ. ಆ ಜಾಗಕ್ಕೆ ಬಂದಾಗ ಬೆರಳಿನಿಂದ ನಿಲ್ಲಿಸಿದೆ. ಮುಂದಿನದು ಬೇಡವಾಗಿತ್ತು. ಇಯರ್‌ಫೋನ್ ತೆಗೆದು ಸಣ್ಣಗೆ ಟಕ್ ಅಂದೆ. ಮನೆಯಲ್ಲಿ ಯಾರೂ ಏಳಲಿಲ್ಲ. ಏಳಲಿಕ್ಕೆ ಅವಳಿಗೇನು ಗೊತ್ತು? ಮೂವತ್ತು ವರ್ಷದಲ್ಲಿ ಒಂದು ಭಾನುವಾರವಾದರೂ ಅವಳನ್ನು ಗಂಗಾವತಿಗೆ ಕರೆದುಕೊಂಡು ಹೋಗಿದ್ದೆನೇ?

ನಾನೇ ಎದ್ದೆ. ಅಡುಗೆಮನೆ ಬಾಗಿಲಿಗೆ ಹೋಗಿ, ತಿರುಗಿ ಕೇಳಿದೆ. “ನೀರ ಬೇಕೇನು?”

ಅವಳು ಟಿವಿಯಿಂದ ಕಣ್ಣು ತೆಗೆದು ನನ್ನನ್ನೇ ನೋಡಿದಳು. ಕಳ್ಳನನ್ನು ನೋಡಿದಂತೆ ನೋಡಿದಳು ಅನ್ನಿ. “ಯಾಕ್ರಿ, ಆರಾಮ ಅದೀರಿಲ್ಲೋ?”

“ಆರಾಮ ಅದೀನಿ.”

“ಬ್ಯಾಡ,” ಅಂದು ಟಿವಿಯ ವಾಲ್ಯೂಮ್ ಒಂದು ಪಾಯಿಂಟ್ ಏರಿಸಿದಳು. ನಾನೊಬ್ಬನೇ ನೀರು ಕುಡಿದು ಬಂದು ಕೂತೆ.

ಮರುದಿನವೂ ಕೇಳಿದೆ. ಬೇಡ ಅಂದಳು. ನಾಳೆಯೂ ಕೇಳುತ್ತೇನೆ, ರೂಢಿಯಾಗಲಿ.

ಅದಿರಲಿ, ನಿಮ್ಮ ಮನೆಯಲ್ಲಿ ಟಕ್ ಅಂದರೆ ಏಳುವವರು ಯಾರು?